ಇಸ್ತಾಂಬುಲ್‌ಗೆ ಎಂಟು ಡಿಗ್ರಿ ಕಡಿಮೆ

೨೦೨೫ರ ಮಾರ್ಚ್ ೧೦, ಸೋಮವಾರ, ಬೆಳಿಗ್ಗೆ ೬ ಗಂಟೆ ೪೦ ನಿಮಿಷ. ಅಮರೇಶಪ್ಪ ಹೆಂಡತಿಯ ಬಲ ಮೊಣಕಾಲು ಎಷ್ಟು ಡಿಗ್ರಿ ಮಡಿಚುತ್ತದೆಂದು ಮೂರು ಸಲ ಅಳೆದು, ಮೂರರ ಸರಾಸರಿ ತೆಗೆದು, ಗ್ರಾಫ್ ಹಾಳೆಯ ಮೇಲೆ ಒಂದು ಚುಕ್ಕಿ ಇಟ್ಟರು.

ಮಂಚದ ಮೇಲೆ ಮಲಗಿದ್ದ ಗುರುದೇವಿ ಫ್ಯಾನ್ ನೋಡುತ್ತಲೇ ಕೇಳಿದರು. “ಎಷ್ಟ್ರಿ?”

“ನೂರಾ ಎರಡು. ನಿನ್ನೆಗಿಂತ ಅರ್ಧ ಹೆಚ್ಚು.”

“ಅಂದ್ರ ಇನ್ನಾ ಎಂಟು ಬೇಕು. ಬುಧವಾರದೊಳಗ ಬರಂಗಿಲ್ಲ ಬಿಡ್ರಿ.”

ದಿನಕ್ಕೆ ಅರ್ಧ ಡಿಗ್ರಿಯ ಲೆಕ್ಕದಲ್ಲಿ ನೂರಹತ್ತು ಮುಟ್ಟುವುದು ಇದೇ ಇಪ್ಪತ್ತಾರಕ್ಕೆ ಎಂದು ಅಮರೇಶಪ್ಪನವರಿಗೆ ಮೊದಲೇ ಗೊತ್ತಿತ್ತು. ಹೇಳುವ ಧೈರ್ಯ ಬಂದಿರಲಿಲ್ಲ.

ಡಿಸೆಂಬರ್‌ನಲ್ಲಿ ಕೀಲು ಬದಲಿಸಿದ ಡಾಕ್ಟರು ಒಂದು ಮಾತು ಹೇಳಿದ್ದರು. ಏಪ್ರಿಲ್‌ನಲ್ಲಿ ಪ್ರವಾಸಕ್ಕೆ ಹೋಗಬೇಕಾದರೆ ಮೊಣಕಾಲು ನೂರಹತ್ತು ಡಿಗ್ರಿ ಮಡಿಚಬೇಕು; ಆ ಊರು ತುಂಬ ಏರು, ಇಳಿಜಾರು, ಮೆಟ್ಟಿಲು. ಪ್ರವಾಸದ ಗುಂಪಿನಿಂದ ಹೆಸರು ತೆಗೆಸಲು ಬುಧವಾರ ಮಧ್ಯಾಹ್ನ ಕೊನೆಯ ಗಡುವು.

ಆ ಊರು ಇಸ್ತಾಂಬುಲ್. ಗುರುದೇವಿ ನಾಚಾರಂನ ಶಾಲೆಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಭೂಗೋಳ ಕಲಿಸಿದವರು. ಪ್ರತಿ ಜೂನ್‌ನ ಮೊದಲ ಪಾಠದಲ್ಲಿ ಮಕ್ಕಳಿಗೆ ಒಂದೇ ಪ್ರಶ್ನೆ: ಭೂಮಿಯ ಮೇಲೆ ಯಾವ ಊರು ನೋಡಬೇಕು, ಅಲ್ಲಿ ಹೋಗಿ ಏನು ಮಾಡುತ್ತೀರಿ? ಮಕ್ಕಳು ದುಬೈ ಎನ್ನುತ್ತಿದ್ದರು, ಲಂಡನ್ ಎನ್ನುತ್ತಿದ್ದರು. ಒಬ್ಬಳು ಕ್ಯೋಟೋ ಎಂದು, ಹಿಮ ಬಿದ್ದ ದಿನ ಅಲ್ಲಿ ಸುಮ್ಮನೆ ಕೂರುತ್ತೇನೆ ಎಂದಿದ್ದಳು. ಆ ಉತ್ತರ ಟೀಚರಿಗೆ ಬಹಳ ಹಿಡಿಸಿತ್ತು. ಹೇಳಿದ ಪ್ರತಿ ಊರಿನ ಮೇಲೂ ನಕಾಶೆಯಲ್ಲಿ ಒಂದು ಗುಂಡುಸೂಜಿ. ನಿಮ್ಮ ಊರು ಯಾವುದು ಟೀಚರ್ ಎಂದರೆ, “ಇಸ್ತಾಂಬುಲ್. ಏಷ್ಯಾದಲ್ಲಿ ತಿಂಡಿ ತಿಂದು, ದೋಣಿಯಲ್ಲಿ ಇಪ್ಪತ್ತು ನಿಮಿಷ ಹೋಗಿ, ಯುರೋಪಿನಲ್ಲಿ ಚಹಾ ಕುಡೀತೀನಿ” ಎನ್ನುತ್ತಿದ್ದರು. ನಿವೃತ್ತಿಯ ದಿನ ಶಾಲೆಯವರು ಆ ನಕಾಶೆಯನ್ನು ಸೂಜಿಗಳ ಸಮೇತ ಅವರಿಗೇ ಕೊಟ್ಟರು. ಅದೀಗ ಮಲ್ಕಾಜ್‌ಗಿರಿಯ ಮನೆಯ ಪಡಸಾಲೆಯಲ್ಲಿ ತೂಗುತ್ತಿತ್ತು. ಟೀಚರು ಮಾತ್ರ ಇನ್ನೂ ದೇಶದ ಗಡಿ ದಾಟಿರಲಿಲ್ಲ.

ದಾಟಿದವರು ಅಮರೇಶಪ್ಪ. ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಮೂವತ್ಮೂರು ವರ್ಷ ಯಂತ್ರಭಾಗಗಳನ್ನು ಅಳೆದು ಪಾಸು, ಫೇಲು ಬರೆದವರು. ಒಮ್ಮೆ ಹನ್ನೆರಡು ದಿನ ಜರ್ಮನಿಯ ಸ್ಟುಟ್‌ಗಾರ್ಟಿಗೆ ಯಂತ್ರವೊಂದನ್ನು ಪರೀಕ್ಷಿಸಲು ಹೋಗಿದ್ದರು. ಆ ಊರಲ್ಲಿ ಏನು ನೋಡಿದಿರಿ ಎಂದು ಹೆಂಡತಿ ಕೇಳಿದಾಗ ಅವರು ವರ್ಣಿಸಿದ್ದು ಅಳತೆಕೋಣೆಯ ಗ್ರಾನೈಟ್ ಮೇಜನ್ನು. ಗುರುದೇವಿ ಅದನ್ನು ನೆಂಟರ ಮುಂದೆ ಇಂದಿಗೂ ಹೇಳುತ್ತಿದ್ದರು.

ಮೊಣಕಾಲನ್ನು ಅವರೇ ಅಳೆಯತೊಡಗಿದ್ದಕ್ಕೂ ಅದೇ ಸ್ವಭಾವ ಕಾರಣ. ವ್ಯಾಯಾಮ ಮಾಡಿಸಲು ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಸ್ಟ್ ಸ್ನೇಹಲತಾ, ಬೀದರಿನ ಹುಡುಗಿ, ಫೆಬ್ರವರಿ ಇಪ್ಪತ್ತಕ್ಕೆ ಕೊನೆಯ ಸಲ ಬಂದಾಗ “ಛಲೋ ಮಡಚಾಕತ್ತೈತಿ ಕಾಕಾ, ಬೇಫಿಕರ್ ಇರ್ರಿ” ಎಂದಷ್ಟೇ ಹೇಳಿದ್ದಳು. ಛಲೋ ಎನ್ನುವುದು ಒಂದು ಅಂಕಿಯೇ? ಮರುದಿನವೇ ಅಮರೇಶಪ್ಪ ಕಾರ್ಖಾನೆಯ ಬೀಳ್ಕೊಡುಗೆಯಲ್ಲಿ ಸಿಕ್ಕ ಉಕ್ಕಿನ ಕೋನಮಾಪಕವನ್ನು ಪೆಟ್ಟಿಗೆಯಿಂದ ತೆಗೆದರು. ಅದರ ಒಂದು ತೋಳನ್ನು ತೊಡೆಯ ಮೇಲ್ಭಾಗಕ್ಕೆ, ಇನ್ನೊಂದನ್ನು ಮೊಣಕಾಲ ಕೆಳಗೆ ಮುಂಗಾಲಿಗೆ ತಾಗಿಸಿ ಓದುವುದು. ದಿನವೂ ಅದೇ ಹೊತ್ತು, ಅದೇ ಮಂಚ, ಅದೇ ದಿಂಬು.

ಮಂಗಳವಾರ ಸಂಜೆ ಗುರುದೇವಿ ಬೆತ್ತದ ಕುರ್ಚಿಯನ್ನು ನಕಾಶೆಯ ಕೆಳಗೆ ಎಳೆದುಕೊಂಡು ಕೂತರು. “ನಾಳೆ ಮುಂಜಾನೆ ಪ್ರವಾಸದವರಿಗೆ ಫೋನ್ ಮಾಡಿ ನನ್ನ ಹೆಸರು ತೆಗಸ್ರಿ. ನೀವೊಬ್ರೇ ಹೋಗಿ ಬರ್ರಿ.”

“ನಾ ಒಬ್ಬನ ಹೋಗಿ ಏನ್ ನೋಡ್ಲಿ?”

“ಅಲ್ಲೂ ಒಂದು ಗ್ರಾನೈಟ್ ಟೇಬಲ್ ಇರತೈತಿ, ಹುಡಿಕ್ಕೊಳ್ರಿ.” ನಕ್ಕರು, ಆದರೆ ನಗು ಅರ್ಧಕ್ಕೇ ನಿಂತಿತು. “ಇಷ್ಟು ವರ್ಷ ಮಕ್ಕಳಿಗೆ ಆ ನೀರಿನ ಹಾದಿ ಬೆರಳಿಲೆ ತೋರಿಸೀನಿ. ಅಷ್ಟರಾಗ ನಂದು ಮುಗೀತು ಅನಸ್ತೈತಿ.”

ಮಾತಾಡುತ್ತಲೇ ಅವರು ಮುಂದೆ ಬಾಗಿ, ಎರಡು ಖಂಡಗಳ ನಡುವಿನ ಆ ಸಣ್ಣ ನೀಲಿ ಗೆರೆಯ ಮೇಲೆ ಬೆರಳಾಡಿಸಿದರು. ಬಾಗುವಾಗ ಬಲಗಾಲಿನ ಹಿಮ್ಮಡಿ ತಾನಾಗಿ ಕುರ್ಚಿಯ ಅಡಿಗೆ ಸರಿಯಿತು. ಅಮರೇಶಪ್ಪ ಹೆಂಡತಿಯ ಮುಖ ಬಿಟ್ಟು ಆ ಹಿಮ್ಮಡಿಯನ್ನೇ ನೋಡಿದರು. ಆ ಬೆಳಿಗ್ಗೆಯ ಅಳತೆಯಂತೆ ನೂರ ಎರಡೂವರೆ ಡಿಗ್ರಿ ಮಡಿಚುವ ಕಾಲು ಅಷ್ಟು ಹಿಂದೆ ಹೋಗಬಾರದು.

ಒಳಗೆ ಹೋಗಿ ಕೋನಮಾಪಕವನ್ನು ಲಂಬಕೋನ ಪರೀಕ್ಷಿಸುವ ಮೂಲೆಮಟ್ಟಕ್ಕೆ ಹಿಡಿದು ನೋಡಿದರು. ಸರಿಯಾಗಿ ತೊಂಬತ್ತು. ಉಪಕರಣ ಸುಳ್ಳು ಹೇಳುತ್ತಿರಲಿಲ್ಲ. ಹಾಗಾದರೆ ಉಳಿದದ್ದು ಅದನ್ನು ಹಿಡಿದ ಕೈ. ಸ್ನೇಹಲತಾಗೆ ಫೋನ್ ಮಾಡಿ ತಮ್ಮ ಅಳತೆಯ ಸಂಶಯ ಹೇಳಿದರು.

ಅವಳು ಕೂಕಟ್‌ಪಲ್ಲಿಯ ಮೆಟ್ರೋ ಸ್ಟೇಷನ್ನಿನಲ್ಲಿದ್ದಳು. ಹಿಂದಿನಿಂದ ತೆಲುಗಿನ ಘೋಷಣೆ ಕೇಳುತ್ತಿತ್ತು. “ಮಾಪಕದ ಪಟ್ಟಿ ಎಲ್ಲಿ ಇಡ್ತೀರಿ ಕಾಕಾ?”

“ಒಂದು ತೊಡಿ ಮ್ಯಾಲೆ, ಒಂದು ಮುಂಗಾಲಿನ ಮ್ಯಾಲೆ. ಗಟ್ಟಿ ತಾಗಿಸಿ.”

“ಅಯ್ಯ, ಅದು ಮಾಂಸ ಅಳದಂಗಾತು. ಎಲಬು ಅಳೀಬೇಕ್ರಿ. ಬಾಜೂಲಿಂದ ಇಡಬೇಕು. ಸೊಂಟದ ಪಕ್ಕದ ಎಲಬಿನ ಕಡೆ ಒಂದು, ಪಾದದ ಹೊರಗಿನ ಗಂಟಿನ ಕಡೆ ಇನ್ನೊಂದು, ನಡುವ ಮೊಣಕಾಲು. ತೊಡಿ ಏನು ಪೈಪ್ ಇದ್ದಂಗ ಇರತೈತೇನು? ಮ್ಯಾಲೆ ದಪ್ಪ, ಕೆಳಗ ಸಣ್ಣ.”

ಅಮರೇಶಪ್ಪ ಫೋನ್ ಇಟ್ಟರು. ಒಂದು ತುದಿ ದಪ್ಪ, ಒಂದು ತುದಿ ಸಣ್ಣ. ಕಾರ್ಖಾನೆಯಲ್ಲಿ ಅದಕ್ಕೆ ಟೇಪರ್ ಎನ್ನುತ್ತಿದ್ದರು. ಹೊರಮೈಗೆ ಪಟ್ಟಿ ತಾಗಿಸಿದರೆ ನಡುವಿನ ಗೆರೆಯ ಕೋನ ಸಿಗುವುದಿಲ್ಲ ಎಂದು ಹೊಸದಾಗಿ ಸೇರಿದವರಿಗೆಲ್ಲ ಮೊದಲ ವಾರವೇ ಕಲಿಸುತ್ತಿದ್ದವರು ಅವರೇ.

ಸುಮ್ಮನೆ ಮತ್ತೆ ಅಳೆದು ಹೊಸ ಅಂಕಿ ಹೇಳಿಬಿಡಬಹುದಿತ್ತು. ಆದರೆ ಹತ್ತೊಂಬತ್ತು ಬೆಳಿಗ್ಗೆ ಗುರುದೇವಿ ಫ್ಯಾನ್ ನೋಡುತ್ತ ಎಷ್ಟ್ರಿ ಎಂದು ಕೇಳಿದ್ದು ಕಿವಿಯಲ್ಲಿತ್ತು. ಪಡಸಾಲೆಗೆ ಬಂದು ಎಲ್ಲವನ್ನೂ ಹೇಳಿದರು. “ತಪ್ಪು ನಂದು, ಟೀಚರ್ರ. ನಿನ್ನ ಕಾಲಿಂದಲ್ಲ. ದಿನಾ ಕಡಿಮಿ ಓದೀನಿ.”

ಗುರುದೇವಿ ಕುರ್ಚಿಯಲ್ಲೇ ಅವರತ್ತ ತಿರುಗಿದರು. “ಅಂದ್ರ ನನ್ನ ತೊಡಿ ದಪ್ಪ ಅಂತ ಈಗ ಗೊತ್ತಾತೇನು? ಮದುವ್ಯಾಗಿ ಮೂವತ್ತಾರು ವರ್ಷ ಆತು.”

“ಈಗ ಅಳೀಲೇನು?”

“ಬ್ಯಾಡ. ನೀವು ಇನ್ನ ಕೈ ಹಚ್ಚಬ್ಯಾಡ್ರಿ. ಆ ಹುಡುಗೀನ ಬರಲಿ.” ಮುನಿಸಿನ ದನಿಯೇ. ಆದರೆ ಹೆಸರು ತೆಗೆಸುವ ಮಾತು ಆ ಸಂಜೆ ಮತ್ತೆ ಬರಲಿಲ್ಲ. ಅಡುಗೆಮನೆಗೆ ಹೋಗುವಾಗ ಅವರು ಗೋಡೆ ಹಿಡಿಯಲಿಲ್ಲ ಎಂಬುದನ್ನೂ ಅಮರೇಶಪ್ಪ ಗಮನಿಸಿದರು. ಅದು ಎಷ್ಟೋ ದಿನದಿಂದ ಹಾಗೇ ಇದ್ದಿರಬೇಕು. ಅವರ ಕಣ್ಣೆಲ್ಲ ಗ್ರಾಫಿನ ಮೇಲಿತ್ತು.

ಬುಧವಾರ ಒಂಬತ್ತಕ್ಕೆ ಸ್ನೇಹಲತಾ ಬಂದಳು. ಅವಳ ಮಾಪಕ ಎರಡು ಉದ್ದನೆಯ ಪ್ಲಾಸ್ಟಿಕ್ ಪಟ್ಟಿ, ಅಷ್ಟೇ. ಅಮರೇಶಪ್ಪ ಅದನ್ನು ಕೈಯಲ್ಲಿ ತೂಗಿ ನೋಡಿ ಏನೋ ಹೇಳಹೊರಟವರು, ಹೆಂಡತಿಯ ಕಣ್ಣು ನೋಡಿ ಅದನ್ನು ಹುಡುಗಿಗೆ ತಿರುಗಿ ಕೊಟ್ಟರು.

ಗುರುದೇವಿ ಮಲಗಿ ಹಿಮ್ಮಡಿಯನ್ನು ನಿಧಾನವಾಗಿ ಎಳೆದುಕೊಂಡರು. ಸ್ನೇಹಲತಾ ಸೊಂಟದ ಪಕ್ಕದ ಎಲುಬನ್ನು ಬೆರಳಿನಿಂದ ಹುಡುಕಿ ಒಂದು ಪಟ್ಟಿಯನ್ನು ಅತ್ತ ತಿರುಗಿಸಿದಳು, ಇನ್ನೊಂದನ್ನು ಪಾದದ ಗಂಟಿನತ್ತ.

“ಎಷ್ಟವ್ವ?” ಈ ಸಲ ಗುರುದೇವಿ ಫ್ಯಾನ್ ನೋಡುತ್ತಿರಲಿಲ್ಲ. ತಲೆಯೆತ್ತಿ ಮೊಣಕಾಲನ್ನೇ ನೋಡುತ್ತಿದ್ದರು.

“ಕಾಕಾ, ನೀವ ಓದ್ರಿ.”

ಅಮರೇಶಪ್ಪ ಕನ್ನಡಕ ಸರಿಮಾಡಿಕೊಂಡು ಬಾಗಿದರು. ಒಂದು ಸಲ ಓದಿದರು. ಪಟ್ಟಿ ತೆಗೆಸಿ ಮತ್ತೆ ಇಡಿಸಿ ಇನ್ನೊಂದು ಸಲ, ಮತ್ತೊಂದು ಸಲ ಓದಿದರು. ಮೂರೂ ಒಂದೇ ಬಂತು. ಸರಾಸರಿ ತೆಗೆಯುವ ಕೆಲಸವಿರಲಿಲ್ಲ.

ನೂರ ಹನ್ನೊಂದು ಡಿಗ್ರಿ.