ಇನ್ನೂ ಬೆಳೆಯುವ ಹುಡುಗ

ಜೂನ್ ಬಂತೆಂದರೆ ಓರೆಸ್ಟ್ ಮೆಲ್ನಿಕ್‌ಗೆ ಪತ್ರಿಕೆ ಬಿಡಿಸಲು ಕೈ ಬರುತ್ತಿರಲಿಲ್ಲ. ವೃತ್ತಿಪರ ಐಸ್ ಹಾಕಿ ತಂಡಗಳು ಹದಿನೆಂಟರ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ತಿಂಗಳು ಅದು. ಹೊಸಬರನ್ನು ಹೊಗಳಿ ಸುಸ್ತಾದ ಮೇಲೆ ಪತ್ರಿಕೆಯವರು ಹಳೆಯ ಆಯ್ಕೆಗಳನ್ನು ಕೆದಕಲು ಕೂರುತ್ತಾರೆ. ಈ ಸಲ ಇಪ್ಪತ್ತು ವರ್ಷದ ಹಿಂದಿನದು. ನಿರೀಕ್ಷೆ ಹುಸಿಮಾಡಿ ಮುಳುಗಿದವರ ಪಟ್ಟಿಯಲ್ಲಿ ಮೊದಲ ಹೆಸರೇ ಟ್ರೆವರ್ ಕಿಯರ್ಲಿ: ಮೊದಲ ಸುತ್ತು, ಒಂಬತ್ತನೆಯ ಆಯ್ಕೆ, ನಲವತ್ತೊಂದು ಪಂದ್ಯ, ಒಂದೇ ಒಂದು ಗೋಲು.

ಅವನನ್ನು ಆರಿಸಲು ಹಟ ಹಿಡಿದವನು, ಆಗ ತಂಡಕ್ಕೆ ಆಟಗಾರರನ್ನು ಹುಡುಕಿಕೊಡುತ್ತಿದ್ದ ಓರೆಸ್ಟ್. ಯಾಕೆಂಬುದು ಮಾತ್ರ ಪತ್ರಿಕೆಯವರಿಗೆ ಗೊತ್ತಿರಲಿಲ್ಲ, ಪುಣ್ಯಕ್ಕೆ.

ಆಟಗಾರರನ್ನು ಹುಡುಕುವವರಿಗೆ ಒಂದು ಚಾಳಿಯಿದೆ. ಹುಡುಗನನ್ನು ನೋಡಿದ ಕೂಡಲೇ ಕಣ್ಣು ಅವನ ಅಪ್ಪನ ಮೇಲೆ ಹೋಗುತ್ತದೆ. ಅಪ್ಪ ಎತ್ತರವಿದ್ದರೆ ಮಗನೂ ಬೆಳೆದಾನು ಎಂಬ ಲೆಕ್ಕ. ಟ್ರೆವರ್ ಬರೀ ಐದಡಿ ಏಳಂಗುಲ, ಆದರೆ ಐಸ್ ಮೇಲೆ ಅವನನ್ನು ಹಿಡಿಯುವವರಿರಲಿಲ್ಲ. ಪ್ರತಿ ಪಂದ್ಯದಲ್ಲೂ ಅಂಕಣದ ಸುತ್ತಲಿನ ಗಾಜಿನ ಪಕ್ಕ ನಿಂತು "ನಮ್ಮ ಹುಡ್ಗ, ನಮ್ಮ ಹುಡ್ಗ!" ಎಂದು ಗಂಟಲು ಹರಿದುಕೊಳ್ಳುತ್ತಿದ್ದ ಗಾರ್ತ್ ಎಂಬವನು ಆರಡಿ ನಾಲ್ಕಂಗುಲದ ಆಸಾಮಿ. 'ಇನ್ನೂ ಬೆಳೆಯುತ್ತಾನೆ' ಎಂದು ಓರೆಸ್ಟ್ ಧೈರ್ಯವಾಗಿ ವರದಿ ಬರೆದ.

ಆಯ್ಕೆಯಾದ ಮರುವಾರ ಗೊತ್ತಾಯಿತು, ಗಾರ್ತ್ ಅಪ್ಪನೇ ಅಲ್ಲ. ದೂರದಿಂದ ಬಂದು ಆಡುವ ಹುಡುಗರನ್ನು ಊರಿನವರು ತಮ್ಮ ಮನೆಯಲ್ಲಿಟ್ಟುಕೊಂಡು ಉಣಿಸುತ್ತಾರಲ್ಲ, ಹಾಗೆ ಇಟ್ಟುಕೊಂಡವನು. ಹೆತ್ತಪ್ಪ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಮೀನು ಹಿಡಿಯುತ್ತಿದ್ದ. ಹಾಕಿ ಬಲ್ಲ ಚಿಕ್ಕ ಮಕ್ಕಳಿಗೂ ಗೊತ್ತಿರುವ ಪದ್ಧತಿ ಓರೆಸ್ಟ್‌ನ ತಲೆಗೇ ಹೊಳೆದಿರಲಿಲ್ಲ!

ಟ್ರೆವರ್ ಒಂದಂಗುಲವೂ ಬೆಳೆಯಲಿಲ್ಲ. ದೈತ್ಯರ ನಡುವೆ ಮೂರು ವರ್ಷ ನುಜ್ಜುಗುಜ್ಜಾಗಿ, ಜನರಿಂದ ಛೀ ಥೂ ಅನ್ನಿಸಿಕೊಂಡು ಆಟ ಬಿಟ್ಟ. ನಿಧಾನಕ್ಕೆ ಚಿಕ್ಕ ತಂಡಗಳಲ್ಲಿ ಪಳಗಬೇಕಿದ್ದವನನ್ನು ತಾನೇ ಬೆಂಕಿಗೆ ತಳ್ಳಿದೆನೆಂದು ಓರೆಸ್ಟ್ ಇಪ್ಪತ್ತು ವರ್ಷ ಒಳಗೊಳಗೇ ಬೇಯುತ್ತಿದ್ದ.

"ಪ್ರತಿ ಜೂನಲ್ಲೂ ಹೀಗೆ ಮುಖ ಊದಿಸ್ಕೊಂಡು ಕೂತ್ರೆ ನಾನೇನ್ ಮಾಡ್ಲಿ?" ಹೆಂಡತಿ ಡೊರೀನ್ ಪತ್ರಿಕೆ ಕಿತ್ತುಕೊಂಡಳು. "ಅವ್ನು ರೆಜೈನಾದಲ್ಲಿ ನಲ್ಲಿ ರಿಪೇರಿ ಅಂಗಡಿ ಇಟ್ಟಿದ್ದಾನಂತೆ. ಎರಡು ಗಂಟೆ ದಾರಿ. ಹೋಗಿ ಇದ್ದದ್ದು ಇದ್ದ ಹಾಗೆ ಹೇಳ್ಬಿಟ್ಟು ಬಾ. ಬೈದ್ರೆ ಬೈಸ್ಕೊ, ಆಮೇಲಾದ್ರೂ ತಿಂದ ಅನ್ನ ಮೈಗೆ ಹತ್ತುತ್ತೆ."

ಓರೆಸ್ಟ್ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಅಂಗಡಿ ಹೊಕ್ಕಾಗ ಎಲ್ಲ ಮರೆತುಹೋಯಿತು. ಟ್ರೆವರ್ ಅವನನ್ನು ಕಂಡವನೇ ಬಿಳಿಚಿಕೊಂಡ.

"ಟ್ರೆವರ್, ಆ ಗಾರ್ತ್ ಇದ್ದನಲ್ಲ..."

"ಅಯ್ಯೋ! ನಿಮಗೆ ಗೊತ್ತಾಗೋಯ್ತಾ?"

ಓರೆಸ್ಟ್ ಟೋಪಿ ತೆಗೆದು ಕೌಂಟರಿನ ಮೇಲಿಟ್ಟ.

"ತಪ್ಪು ನಂದೇ, ಮೆಲ್ನಿಕ್ ಅವ್ರೇ," ಟ್ರೆವರ್ ಒಂದೇ ಉಸಿರಿಗೆ ಹೇಳಿದ. "ಆರಿಸೋಕೆ ಮುಂಚೆ ನೀವು 'ನಿಮ್ಮಪ್ಪ ಯಾವಾಗ ಇಷ್ಟೆತ್ತರ ಬೆಳೆದ್ರು' ಅಂತ ಕೇಳಿದ್ರಿ. ನಿಮ್ಮ ಕಣ್ಣು ಗಾರ್ತ್ ಮೇಲಿತ್ತು. ಅವ್ರನ್ನೇ ನಮ್ಮಪ್ಪ ಅಂದ್ಕೊಂಡಿದ್ದೀರಿ ಅಂತ ನಂಗೆ ಗೊತ್ತಾಯ್ತು. 'ಹತ್ತೊಂಬತ್ತಾದ್ಮೇಲೆ' ಅಂದ್ಬಿಟ್ಟೆ. ಅದು ಗಾರ್ತ್ ಕಥೆ. ನನ್ನಿಂದ ನಿಮ್ಮ ಮಾನ ಹೋಯ್ತಲ್ಲ ಅಂತ ಜೂನ್ ಬಂದಾಗೆಲ್ಲ ಕೊರಗ್ತೀನಿ."

"ನೀನೂ ಜೂನ್‌ನಲ್ಲೇ?"

ಇಬ್ಬರೂ ಕೌಂಟರಿನ ಆಚೆ ಈಚೆ ಬಗ್ಗಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಓರೆಸ್ಟ್‌ಗೆ ನಗುವಿನ ಮಧ್ಯೆ ಕಣ್ಣೀರು ಬಂತು. ಒರೆಸಿಕೊಳ್ಳಲು ನಾಚಲಿಲ್ಲ.

"ನಿನ್ನ ಬಾಳು ಹಾಳು ಮಾಡ್ದೆ ಅಂದ್ಕೊಂಡಿದ್ದೆ ಕಣೋ."

"ಏನ್ ಹಾಳು? ಸಿಂಕ್ ಕೆಳಗೆ ತೂರೋಕೆ ಇದಕ್ಕಿಂತ ಒಳ್ಳೆ ಎತ್ತರ ಯಾರಿಗಿದೆ? ಮತ್ತೆ ಆ ಒಂದು ಗೋಲು... ನಮ್ಮಪ್ಪ ಮೊದಲ್ನೇ ಸಲ ವಿಮಾನ ಹತ್ತಿ ಬಂದಿದ್ರು ಆವತ್ತು. ಮುಂದಿದ್ದವರು ಎದ್ದು ನಿಂತ್ರಂತೆ, ಇವ್ರು ಕುರ್ಚಿ ಹತ್ತಿ ನಿಂತು ನೋಡಿದ್ರಂತೆ. ನೀವು ಸರಿಯಾಗಿ ಲೆಕ್ಕ ಹಾಕಿದ್ದಿದ್ರೆ ಅದೆಲ್ಲಿರ್ತಿತ್ತು?"

ಓರೆಸ್ಟ್‌ನ ಎದೆ ಹಗುರಾಯಿತು. "ಅಪ್ಪ ಈಗ?"

"ಒಳಗೆ ಚಹಾ ಕುಡೀತಿದ್ದಾರೆ. ಅಪ್ಪಾ!"

ಒಳಗಿನಿಂದ ಮುದುಕನೊಬ್ಬ ಬಂದ. ಅವನ ನೆತ್ತಿ ಓರೆಸ್ಟ್‌ನ ಎದೆಮಟ್ಟಕ್ಕೆ ಬರುತ್ತಿತ್ತು. ಕತ್ತೆತ್ತಿ ನೋಡಿ, ಮೀನುಗಾರನ ಒರಟು ಕೈ ಚಾಚಿದ.

"ನನ್ನ ಮಗನ್ನ ಆರಿಸಿದ್ದು ನೀವೇನಾ?"

ಇಪ್ಪತ್ತು ವರ್ಷಗಳಲ್ಲಿ ಈ ಪ್ರಶ್ನೆಗೆ ಓರೆಸ್ಟ್ ತಲೆ ತಗ್ಗಿಸದೆ ಉತ್ತರ ಕೊಟ್ಟದ್ದು ಅದೇ ಮೊದಲು.

"ಹೌದು," ಎಂದ. "ನಾನೇ."