ಗಂಟಲಿಲ್ಲದ ಡಬ್ಬಿ

“ಯಾರಾದ್ರೂ ಆ ಕಿಟಕಿ ತೆಗೀರಪ್ಪಾ. ಚರಂಡಿ ಗುಂಡಿನೇ ಎದ್ದು ಮೀಟಿಂಗಿಗೆ ಬಂದಂಗಿದೆ.”

ಮ್ಯಾನೇಜರ್ ಹಾಗೆಂದಾಗ ಮೇಜಿನ ಸುತ್ತ ಕೂತವರು ನಕ್ಕರು. ಒಬ್ಬನಂತೂ ನಿಜವಾಗಿಯೂ ಎದ್ದು ಹೋಗಿ ಕಿಟಕಿ ತೆಗೆದ. ಅವಳು ಬಾಗಿಲ ಬಳಿಯೇ ನಿಂತಳು. ಚಪ್ಪಲಿಯನ್ನು ಕೆಳಗಿನ ನಲ್ಲಿಯಲ್ಲಿ ತೊಳೆದುಕೊಂಡೇ ಮೇಲೆ ಬಂದಿದ್ದಳು. ಬಟ್ಟೆಗೆ ಹತ್ತಿದ ವಾಸನೆ ಮಾತ್ರ ನೀರಿಗೆ ಬಗ್ಗುವಂಥದ್ದಾಗಿರಲಿಲ್ಲ.

ಆಫೀಸಿನಲ್ಲಿ ಅವಳಿಗೆ ಕಡ್ಡಿ ಎಂದು ಹೆಸರು. ಮೈ ಸಪೂರವೆಂದು ಇಟ್ಟದ್ದಲ್ಲ. ಇನ್ನೊಬ್ಬರು ಬರೆದ ಸಾಫ್ಟ್‌ವೇರನ್ನು ಎಲ್ಲೆಲ್ಲಿ ಒತ್ತಿದರೆ ಅದು ಮುಗ್ಗರಿಸುತ್ತದೆ ಎಂದು ಹುಡುಕುವುದು ಅವಳ ಕೆಲಸ. ಸುಮ್ಮನಿದ್ದದ್ದಕ್ಕೆ ಕಡ್ಡಿ ಆಡಿಸುವವಳು, ಅದಕ್ಕೇ ಕಡ್ಡಿ. ಗುತ್ತಿಗೆ ನೌಕರಿ. ಖಾಯಂ ಜನರ ಕೊರಳಲ್ಲಿ ನೀಲಿ ಪಟ್ಟಿ, ಅವಳ ಕೊರಳಲ್ಲಿ ಕಂದು. ಕಂದು ಪಟ್ಟಿ ತೋರಿಸಿದರೆ ಊಟದ ಕೋಣೆಯ ಬಾಗಿಲು ತೆರೆಯುತ್ತಿರಲಿಲ್ಲ. ಅವಳೂ ಕಸ ಗುಡಿಸುವ ಹೆಂಗಸರೂ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದರು.

ಈ ಸಲ ಅವಳ ಕೈಗೆ ಬಂದದ್ದು ಚರಂಡಿ ಗುಂಡಿಗೆ ಇಳಿಯುವವರು ಸೊಂಟಕ್ಕೆ ಕಟ್ಟಿಕೊಳ್ಳುವ ಒಂದು ಡಬ್ಬಿ. ಕೆಳಗೆ ವಿಷಗಾಳಿ ಏರಿದರೆ ಡಬ್ಬಿಗೆ ಗೊತ್ತಾಗಿ ಅದರ ಹಿಂಬದಿಯಲ್ಲಿ ಪುಟ್ಟ ಕೆಂಪು ದೀಪ ಹತ್ತುತ್ತದೆ. ಆದರೆ ಅಗ್ಗವಾಗಲೆಂದು ಅದಕ್ಕೆ ಸ್ವಂತ ಗಂಟಲು ಕೊಟ್ಟಿರಲಿಲ್ಲ. ಅದು ಮೇಲೆ ನಿಂತ ಮೇಸ್ತ್ರಿಯ ಫೋನಿಗೆ ಸುದ್ದಿ ಮುಟ್ಟಿಸಬೇಕು, ಫೋನು ಅರಚಿಕೊಳ್ಳಬೇಕು, ಮೇಸ್ತ್ರಿ ಆಳನ್ನು ಮೇಲೆ ಕರೆಯಬೇಕು.

ತಣ್ಣಗಿನ ಕೋಣೆಯಲ್ಲಿ, ಒರೆಸಿಟ್ಟ ಮೇಜಿನ ಮೇಲೆ ಪರೀಕ್ಷೆ ಮಾಡಿದಾಗಲೆಲ್ಲ ಫೋನು ಅರಚಿತ್ತು. ಅವಳಿಗೆ ಸಮಾಧಾನವಾಗಿರಲಿಲ್ಲ. ಗುಂಡಿಗಿಳಿಯುವ ವಸ್ತುವನ್ನು ಗುಂಡಿಯಲ್ಲೇ ನೋಡಬೇಕು ಎಂದು, ಗುಂಡಿ ಇಳಿಯುವ ತನ್ನ ಸೋದರಮಾವ ಕೆಲಸ ಮಾಡುವ ಬೀದಿಗೇ ಹೋಗಿದ್ದಳು. ಡಬ್ಬಿಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟಳು. ಫೋನು ಅರಚಿತು. ಮತ್ತೆ ಬಿಟ್ಟಳು. ಈ ಸಲ ಸದ್ದಿಲ್ಲ. ನೋಡಿದರೆ, ಅಷ್ಟರಲ್ಲಿ ಮೇಸ್ತ್ರಿ ಅದೇ ಫೋನಿನಲ್ಲಿ ಯಾರೊಂದಿಗೋ ಹರಟೆಗೆ ಇಳಿದಿದ್ದ. ಅವನು ಮಾತು ಮುಗಿಸಿದ ಕ್ಷಣಕ್ಕೆ ಫೋನು ಬೊಬ್ಬೆ ಹೊಡೆಯಿತು.

ಒಮ್ಮೆ ಆದದ್ದನ್ನು ನಂಬಿದರೆ ಅವಳ ಕಸುಬು ಕಸುಬೇ ಅಲ್ಲ. ಬೇರೆ ಫೋನು ತಂದಳು, ಬೇರೆ ಗುಂಡಿ ನೋಡಿದಳು, ತಾನೇ ಕರೆ ಮಾಡಿದಳು, ಬೇರೆಯವರಿಂದ ಮಾಡಿಸಿದಳು. ಪ್ರತಿಸಲವೂ ಅದೇ. ಮೇಲಿನವನ ಮಾತು ಮುಗಿಯುವ ತನಕ ಕೆಳಗಿನವನ ಸುದ್ದಿ ಬಾಗಿಲ ಹೊರಗೆ ಕಾಯುತ್ತಿತ್ತು.

ಇದನ್ನೇ ಅವಳು ಮೀಟಿಂಗಿನಲ್ಲಿ ಹೇಳಿದಳು. ಕೋಡ್ ಬರೆದವನು ತನ್ನ ಫೋನಿನಲ್ಲಿ ಹಾಗೇನೂ ಆಗುತ್ತಿಲ್ಲವಲ್ಲ ಎಂದ. ಮಾತಾಡುತ್ತಿರುವಾಗ ನೋಡಿದಿರಾ ಎಂದು ಅವಳು ಕೇಳಿದ್ದಕ್ಕೆ ಲ್ಯಾಪ್‌ಟಾಪ್ ಮಡಚಿಟ್ಟ. ಮ್ಯಾನೇಜರ್, ಕೆಲಸದ ಹೊತ್ತಲ್ಲಿ ಮೇಸ್ತ್ರಿ ಫೋನಲ್ಲಿ ಮಾತಾಡುವುದೇ ತಪ್ಪು, ಸಾಫ್ಟ್‌ವೇರಿನ ತಪ್ಪಲ್ಲ ಎಂದು ತೀರ್ಪು ಕೊಟ್ಟ.

“ಮೇಸ್ತ್ರಿ ಇಡೀ ದಿನ ಇನ್ನೇನ್ ಮಾಡ್ತಾನೆ ಸಾರ್? ಫೋನಲ್ಲಿ ಮಾತಾಡೋದೇ ಅವನ ಕೆಲಸ.”

“ನಿಮ್ಮೋರು ತಲೆತಲಾಂತರದಿಂದ ಡಬ್ಬಿ ಇಲ್ದೇನೇ ಇಳೀತಿದ್ರಲ್ಲಮ್ಮಾ. ಈಗ ಒಂದು ಸದ್ದು ತಡವಾದ್ರೆ ಪ್ರಾಣ ಹೋಗುತ್ತಾ? ಪಾಸ್ ಅಂತ ಒತ್ತು, ಹೋಗು. ಸ್ನಾನ ಮಾಡು ಮೊದ್ಲು.”

ಅವಳು ಒತ್ತಲಿಲ್ಲ. ಮರುದಿನ ಬಂದು ನೋಡಿದರೆ ಅವಳ ಲಾಗಿನ್ ಹೆಸರಿನಲ್ಲೇ ಎಲ್ಲವೂ ಪಾಸಾಗಿತ್ತು. ಕೇಳಿದ್ದಕ್ಕೆ, ನಿನ್ನ ಹೆಸರು ಕಂಪನಿ ಕೊಟ್ಟಿದ್ದು, ಕಂಪನಿನೇ ಬಳಸಿಕೊಂಡಿದೆ ಎಂದ ಮ್ಯಾನೇಜರ್.

ಸಂಜೆ ಅವಳು ಮಾವನ ಮನೆಗೆ ಹೋದಳು. ಅತ್ತೆ ಅವನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಳು. ಡಬ್ಬಿಯನ್ನು ನಂಬಬೇಡ, ಹಗ್ಗ ಹಿಡಿಯುವ ನಿನ್ನ ಜೋಡಿಯ ಕಿವಿಯನ್ನೇ ನಂಬು ಎಂದು ಅವಳು ಮಾವನಿಗೆ ಹೇಳಿದಳು. ಮಾವ ನಕ್ಕ. ಆ ನಗೆ ಅವಳಿಗೆ ಹಿಡಿಸಲಿಲ್ಲ.

“ಯಾವ ಜೋಡಿ ಮಗಾ? ಮೊನ್ನೇನೇ ಅವನನ್ನ ಕಿತ್ತುಹಾಕಿದ್ರು. ಡಬ್ಬಿ ಮಿಶಿನ್ನು ಬಂತಲ್ಲ, ಹಗ್ಗ ಹಿಡಿಯೋಕೆ ಇನ್ನೊಬ್ಬ ಯಾಕೆ ದಂಡ ಅಂತಂದ್ರು, ಬೋಳಿಮಕ್ಕಳು.”

ಅತ್ತೆಯ ಕೈ ಬೆನ್ನ ಮೇಲೇ ನಿಂತಿತು. ಕೆಲಸ ಬಿಟ್ಟುಬಿಡು ಮಾವ ಎನ್ನಲು ಅವಳು ಬಾಯಿ ತೆರೆದಳು, ಮೂಲೆಯಲ್ಲಿ ಒಣಗಲು ಹಾಕಿದ್ದ ಮಕ್ಕಳ ಶಾಲೆಯ ಅಂಗಿ ನೋಡಿ ಮುಚ್ಚಿದಳು. ಉಪದೇಶದಿಂದ ಹೊಟ್ಟೆ ತುಂಬುವುದಿಲ್ಲ.

ಡಬ್ಬಿಯ ಉದ್ಘಾಟನೆ ಆ ವಾರವೇ ಆಯಿತು. ಬೀದಿಯ ನಡುವೆ ಗುಂಡಿಯ ಮುಚ್ಚಳ ತೆಗೆದಿಟ್ಟಿದ್ದರು. ಪಕ್ಕದಲ್ಲಿ ಬಟ್ಟೆಯ ನೆರಳು, ಕುರ್ಚಿಗಳು, ಹೂವಿನ ಹಾರ. ನಗರಸಭೆಯ ದೊಡ್ಡ ಎಂಜಿನಿಯರ್ ಮೂಗಿಗೆ ಕರವಸ್ತ್ರ ಹಿಡಿದೇ ಭಾಷಣ ಮಾಡಿದ. ಫೋಟೋಗೆಂದು ಮಾವನಿಗೆ ಹೊಸ ಬೂಟು ತೊಡಿಸಿದ್ದರು. ಇಳಿಯುವ ಇತರ ಆಳುಗಳನ್ನು ಗುಂಡಿಯ ಅಂಚಿಗೇ ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದ್ದರು. ಮೇಸ್ತ್ರಿ ಫೋನನ್ನು ಎಲ್ಲರಿಗೂ ಕಾಣುವಂತೆ ಹಿಡಿದು ನಿಂತಿದ್ದ. ಡಬ್ಬಿಯನ್ನು ಫೋನಿಗೆ ಜೋಡಿಸುವುದಕ್ಕೆ ಒಬ್ಬರು ಬೇಕಲ್ಲ ಎಂದು ಅವಳನ್ನೂ ಕರೆತಂದಿದ್ದರು.

ಮಾವ ಗುಂಡಿಯ ಅಂಚಿಗೆ ಬಂದಾಗ ಅವಳು ಮುಂದೆ ಹೋಗಿ ಅವನ ಸೊಂಟದಿಂದ ಡಬ್ಬಿ ಬಿಚ್ಚಿದಳು. ಏನೋ ಸರಿಪಡಿಸುತ್ತಿದ್ದಾಳೆ ಎಂದುಕೊಂಡರು ಎಲ್ಲರೂ. ಅವಳು ಹಗ್ಗಕ್ಕೆ ಕಟ್ಟಿ ಅದನ್ನು ಒಳಗೆ ಇಳಿಬಿಟ್ಟಳು. ಇನ್ನೊಂದು ಕೈಯಲ್ಲಿ ತನ್ನ ಫೋನು ತೆಗೆದು ಮೇಸ್ತ್ರಿಯ ನಂಬರಿಗೆ ಕರೆ ಮಾಡಿದಳು. ಅವನು ಅಭ್ಯಾಸಬಲದಿಂದ ಎತ್ತಿ ಹಲೋ ಎಂದ.

“ಇಡಬೇಡಿ ಮೇಸ್ತ್ರಿ. ಮಾತಾಡ್ತಾ ಇರಿ. ಮನೇಲಿ ಎಲ್ಲಾ ಚೆನ್ನಾಗಿದಾರಾ?”

ನಾಲ್ಕು ಹೆಜ್ಜೆ ದೂರದಲ್ಲಿ ನಿಂತವಳು ಫೋನಿನಲ್ಲಿ ಕುಶಲ ಕೇಳುವುದನ್ನು ಕಂಡು ಮೇಸ್ತ್ರಿ ತಬ್ಬಿಬ್ಬಾದ. ಹಗ್ಗ ಇಳಿಯುತ್ತಲೇ ಇತ್ತು. ಕೆಳಗೆ ಡಬ್ಬಿಯ ಕೆಂಪು ದೀಪ ಹತ್ತಿದ್ದು ಅಂಚಿನಲ್ಲಿದ್ದ ಆಳುಗಳಿಗೆಲ್ಲ ಕಂಡಿತು. ಫೋನಿನಲ್ಲಿ ಉಸಿರಿಲ್ಲ. ಸದ್ದು ಎಲ್ಲಿ ಎಂದ ದೊಡ್ಡ ಎಂಜಿನಿಯರ್. ಮ್ಯಾನೇಜರ್ ಅವಳ ಬಳಿ ಬಂದು ಹಲ್ಲು ಕಚ್ಚಿ, ನಾಳೆಯಿಂದ ನಿನಗೆ ಬಾಗಿಲು ತೆರೆಯುವುದಿಲ್ಲ ಎಂದ. ಅವಳು ಅವನತ್ತ ತಿರುಗಲಿಲ್ಲ.

“ಕೆಳಗೆ ನಮ್ಮ ಮಾವ ಇದ್ದಾನೆ ಅಂದ್ಕೊಳ್ಳಿ ಮೇಸ್ತ್ರಿ. ಇಷ್ಟೊತ್ತಿಗೆ ಬಿದ್ದಿರ್ತಾನೆ. ಮುಖ ನೀರೊಳಗೆ.”

ಮೇಸ್ತ್ರಿ ತಟ್ಟನೆ ಫೋನು ಕಟ್ ಮಾಡಿದ. ಆಗ ಅದು ಅರಚಿತು. ಬೀದಿಗೆ ಬೀದಿಯೇ ತಿರುಗಿ ನೋಡುವಷ್ಟು ಅರಚಿತು.

ಮ್ಯಾನೇಜರ್ ಓಡಿಹೋಗಿ ದೊಡ್ಡ ಎಂಜಿನಿಯರನ ಕಿವಿಯಲ್ಲಿ ಏನೋ ಹೇಳಿದ. ಎಂಜಿನಿಯರ್ ತಲೆಯಾಡಿಸಿ, ಫೋನಲ್ಲಿ ಮಾತಾಡಬಾರದು ಅಂತ ಮೇಸ್ತ್ರಿಗಳ ಫೋನಿಗೆಲ್ಲ ಒಂದು ಚೀಟಿ ಅಂಟಿಸಿ ಕೊಡಿ ಎಂದ. ಗಡಿಯಾರ ನೋಡಿಕೊಂಡ.

“ಸರಿ, ಇಳಿಯಪ್ಪಾ. ಫೋಟೋದವರು ಕಾಯ್ತಿದ್ದಾರೆ.”

ಮಾವ ಇಳಿಯಲಿಲ್ಲ. ಅಂಚಿನಲ್ಲಿ ಕೂತು ಹೊಸ ಬೂಟುಗಳನ್ನು ಒಂದೊಂದಾಗಿ ಕಳಚಿ ಪಕ್ಕಕ್ಕಿಟ್ಟ. ಅವಳ ಕೈಯಿಂದ ಹಗ್ಗ ತೆಗೆದುಕೊಂಡು ಡಬ್ಬಿಯನ್ನು ಮೇಲಕ್ಕೆ ಎಳೆದ. ಕಪ್ಪು ಕೆಸರು ಸುರಿಸುತ್ತ ಬಂದ ಅದನ್ನು ಎರಡೂ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಮ್ಯಾನೇಜರನ ಎದುರು ಹೋಗಿ ನಿಂತ.

“ನೀವೇ ಕಟ್ಕೊಳ್ಳಿ ಬುದ್ಧೀ. ಹಗ್ಗ ನಾನ್ ಹಿಡೀತೀನಿ.”

ಮ್ಯಾನೇಜರ್ ಒಂದು ಹೆಜ್ಜೆ ಹಿಂದೆ ಸರಿದ. ಬೆನ್ನಿಗೆ ಕುರ್ಚಿ ತಾಗಿತು. ಬಿಸಿಲಲ್ಲಿದ್ದ ಆಳುಗಳು ಸಾಲು ಮುರಿದು ಒಬ್ಬೊಬ್ಬರಾಗಿ ಮಾವನ ಹಿಂದೆ ಬಂದು ನಿಂತರು. ಚಾಚಿದ ಕೈಗಳ ಸಂದಿನಿಂದ ಕೆಸರು ಮ್ಯಾನೇಜರನ ಪಾಲಿಶ್ ಮಾಡಿದ ಬೂಟಿನ ಮೇಲೆ ತೊಟ್ಟಿಕ್ಕುತ್ತಿತ್ತು.