ಟಗರಿನ ಫೋಟೊದ ಹಿಂದೆ

ಕೆಲಸಕ್ಕೆ ಕರೆ ಬಂದದ್ದು ಅಪ್ಪನಿಗೆ.

‘ಜಯಪ್ಪನವರೇ, ನಮ್ಮ ರೈತ ಬಳಗದ ವಾಟ್ಸಾಪ್ ಗುಂಪಿನಲ್ಲಿ ಮೂರು ತಿಂಗಳಿಂದ ನಿಮ್ಮ ಉತ್ತರಗಳನ್ನು ಗಮನಿಸಿದ್ದೇವೆ. ಅರ್ಜಿ ಬೇಡ, ಬಯೋಡೇಟಾ ಬೇಡ. ಗುಂಪು ನೋಡಿಕೊಳ್ಳುವ ಕೆಲಸಕ್ಕೆ ನಿಮ್ಮನ್ನೇ ಆರಿಸಿದ್ದೇವೆ. ಬುಧವಾರ ಶಿಕಾರಿಪುರದ ಆಫೀಸಿಗೆ ಬನ್ನಿ.’

ಬೀಜದ ಕಂಪನಿಯ ಆ ಮೆಸೇಜನ್ನು ಅಪ್ಪನಿಗೆ ಓದಿ ಹೇಳಿದವಳು ನಾನೇ. ಅಪ್ಪನಿಗೆ ಫೋನಿನಲ್ಲಿ ಕುರಿ ವಿಡಿಯೊ ನೋಡಲು ಬರುತ್ತದೆ, ಟೈಪ್ ಮಾಡಲು ಬರುವುದಿಲ್ಲ. ಆ ಉತ್ತರಗಳೆಲ್ಲ ನನ್ನವು.

ಬಿ.ಎಸ್ಸಿ. ಮುಗಿಸಿ ಎರಡು ವರ್ಷವಾಯಿತು, ಕುಬಟೂರಿನ ಮನೆಯಲ್ಲೇ ಇದ್ದೇನೆ. ನಮ್ಮ ಕಡೆ ಹೆಣ್ಣುಮಕ್ಕಳ ನಂಬರನ್ನು ಇಂಥ ಗುಂಪಿಗೆ ಹಾಕುವುದಿಲ್ಲ. ನಂಬರು ಅಪ್ಪನದೋ ಅಣ್ಣನದೋ ಇರುತ್ತದೆ, ಬೆರಳು ನಮ್ಮದು. ಅಪ್ಪನ ನಂಬರಿಗೆ ನಮ್ಮ ಟಗರಿನ ಫೋಟೊ. ಬಸ್ಸಿನಲ್ಲಿ ಟಿಕೆಟ್ ಕೇಳಲೂ ಹಿಂಜರಿಯುವ ನನಗೆ ಆ ಟಗರಿನ ಹಿಂದೆ ಹಾಯಾಗಿತ್ತು. ಯಾರಾದರೂ ಮೆಕ್ಕೆಜೋಳದ ಹುಳದ ಬಗ್ಗೆ ಕೇಳಿದರೆ ಹೊಲಕ್ಕೆ ಹೋಗಿ ಸುಳಿ ಬಿಡಿಸಿ ನೋಡುತ್ತಿದ್ದೆ, ಪುಸ್ತಕ ತಿರುವುತ್ತಿದ್ದೆ, ಡೈರಿಯಲ್ಲಿ ಬರೆದು, ಎರಡು ಸಲ ಓದಿಕೊಂಡು, ಆಮೇಲೆ ಕಳಿಸುತ್ತಿದ್ದೆ.

ಆನವಟ್ಟಿ ಸಂತೆಯಲ್ಲಿ ಯಾರಾದರೂ, “ಜಯಪ್ಪಣ್ಣ, ನೀ ಹೇಳ್ದಂಗೆ ಸಂಜೆ ಹೊತ್ತು ಸುಳಿಗೇ ಔಷಧಿ ಹೊಡ್ದೆ, ಹುಳ ಸತ್ವು ನೋಡು” ಎಂದರೆ ಅಪ್ಪ ಮೀಸೆ ಮುಟ್ಟಿಕೊಂಡು “ಹೌದಾ? ಒಳ್ಳೇದಾತು” ಎನ್ನುತ್ತಿದ್ದ. ಮನೆಗೆ ಬಂದು ನನ್ನ ಕೈಗೊಂದು ಮಂಡಕ್ಕಿ ಪೊಟ್ಟಣ ಇಡುತ್ತಿದ್ದ. ಅದು ನನ್ನ ಪಾಲು.

ಬುಧವಾರ ಇಬ್ಬರೂ ಹೋದೆವು. ಆಫೀಸಿನ ಯತೀಶ ಎಂಬವರು ಲ್ಯಾಪ್‌ಟಾಪ್ ತಿರುಗಿಸಿ ಹುಳದ ಬಗ್ಗೆ ನಾನು ಕಳಿಸಿದ್ದ ಉತ್ತರ ತೋರಿಸಿ, “ಇದನ್ನ ಹೆಂಗೆ ಕಂಡುಹಿಡಿದ್ರೀ ಜಯಪ್ಪರೇ?” ಎಂದು ಕೇಳಿದರು. ಅಪ್ಪ ನನ್ನ ಮುಖ ನೋಡಿದ. ನಾನು ಚೀಲಕ್ಕೆ ಕೈ ಹಾಕಿದೆ. ಡೈರಿಯನ್ನು ಮೇಜಿನ ಮೇಲಿಟ್ಟೆ.

ಅವರು ತಾರೀಖು ನೋಡಿದರು, ಸ್ಕ್ರೀನ್ ನೋಡಿದರು, ನಕ್ಕರು. “ಏನ್ರೀ ಇದು! ಮೂರು ತಿಂಗ್ಳು ನಮಗೆ ಟಗರು ತೋರ್ಸಿ ಮಗಳ ಕೈಲಿ ಬರ್ಸೀರಿ!”

ಆಮೇಲೆ ಆರ್ಡರ್ ಕಾಗದ ಮುಂದಿಟ್ಟರು. “ಕೆಲಸ ಕೊಡ್ತೀವಮ್ಮ. ಆದ್ರೆ ಹೆಸರು ಅಪ್ಪಾರದೇ ಇರ್ಲಿ. ಗುಂಪಿನಾಗೆ ಒಂಬೈನೂರು ಜನ ಅದಾರೆ. ಹುಡುಗಿ ಹೇಳಿದ್ಲು ಅಂದ್ರೆ ಯಾರೂ ಔಷಧಿ ಡಬ್ಬಿ ಮುಚ್ಚಳ ಸೈತ ತೆಗೆಯಲ್ಲ. ನೀವು ಮನೇಲಿ ಕೂತು ಬರೀರಿ.”

“ಒಳ್ಳೇದೇ ಆತಲ್ಲ ಬಿಂದು,” ಅಪ್ಪ ಅಂದ. “ನಿಂಗೂ ಯಾರ ಎದುರೂ ಮಾತಾಡೋ ಕಷ್ಟ ಇಲ್ಲ.”

ಅದು ನಿಜವೇ ಆಗಿತ್ತು, ಅದಕ್ಕೇ ಸಿಟ್ಟು ಬಂತು. ಕಾಗದದಲ್ಲಿ ‘ಜಯಪ್ಪ’ ಎಂದು ದಪ್ಪಕ್ಷರದಲ್ಲಿತ್ತು. ನಾಳೆ ಇನ್ನೊಂದು ಕಡೆ ಕೆಲಸ ಕೇಳಿದರೆ ಏನು ತೋರಿಸಲಿ, ಟಗರನ್ನೇ?

“ನನ್ನ ಹೆಸರಿಗಾದ್ರೆ ಮಾಡ್ತೀನಿ,” ಎಂದೆ. “ಇಲ್ಲಾಂದ್ರೆ ಬೇಡ. ಅಪ್ಪನೇ ಬರೀಲಿ.”

“ಜನ ಒಪ್ಪಲ್ಲಮ್ಮ.”

“ಅವರನ್ನೇ ಕೇಳೋಣ ಸರ್. ಮೂರು ತಿಂಗಳು ನೀವು ನನ್ನನ್ನ ಪರೀಕ್ಷೆ ಮಾಡಿದ್ದೂ ಅವರ ಎದುರೇ ಅಲ್ವಾ?”

ಅಪ್ಪನ ಫೋನ್ ಎತ್ತಿಕೊಂಡೆ. ಅಪ್ಪ ಕೈ ಅಡ್ಡ ಇಟ್ಟ. “ಏ, ಎಂತ ಮಾಡ್ತೀಯೇ? ನಾ ಸಂತೇಲಿ ಮುಖ ಹೆಂಗೆ ತೋರ್ಸ್ಲಿ?”

“ನೀನು ಇಷ್ಟು ದಿನ ತೋರಿಸಿದ್ಯಲ್ಲಪ್ಪ. ಇನ್ನು ನಾನು ತೋರಿಸ್ತೀನಿ.”

ಅವನ ಕೈ ಸರಿಯುವವರೆಗೂ ಕಾದೆ. ಟೈಪ್ ಮಾಡಲಿಲ್ಲ. ಗುಂಪು ತೆರೆದು ಮೈಕಿನ ಗುರುತು ಒತ್ತಿ ಹಿಡಿದೆ. ದನಿ ನಡುಗಿತು, ನಡುಗಲಿ ಎಂದು ಬಿಟ್ಟೆ. “ನಾನು ಬಿಂದುಶ್ರೀ, ಜಯಪ್ಪನ ಮಗಳು. ಈ ನಂಬರಿಂದ ಉತ್ತರ ಬರೀತಿದ್ದೋಳು ನಾನು. ಬೇಡಾದವರು ಕೇಳ್ಬೇಡಿ. ಬೇಕಾದವರು ಇನ್ಮೇಲೆ ನನ್ನ ಹೆಸರು ಹಿಡಿದು ಕೇಳಿ.”

ಮೊದಲು ಬಂದದ್ದು ಗುಂಪಿನ ಚೌಡಪ್ಪನವರ ದನಿ: “ಹಂಗಾರೆ ಜಯಪ್ಪಾ, ನಿಂಗೆ ಗೊತ್ತಿರೋದು ಕುರಿ ಮೇಸೋದೊಂದೇ ಏನಾ?” ಅದರ ಕೆಳಗೆ ನಗುವ ಮುಖಗಳ ಸಾಲು. ಇಬ್ಬರು ಗುಂಪು ಬಿಟ್ಟರು. ಅಪ್ಪ ತಲೆ ತಗ್ಗಿಸಿದ.

“ನೋಡಿದ್ರಾ?” ನಗುತ್ತ ಅಂದರು ಯತೀಶ.

ಆಗ ‘ಪುಟ್ಟಪ್ಪ ಗುಡವಿ’ ಎಂಬ ನಂಬರಿನಿಂದ ಒಂದು ದನಿ ಬಂತು. ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುವ ಪುಟ್ಟಪ್ಪ. ಒತ್ತಿದರೆ ಹೆಂಗಸಿನ ದನಿ.

“ಬಿಂದುಶ್ರೀ, ನಾನು ವರದಮ್ಮ ಕಣವ್ವ, ಪುಟ್ಟಪ್ಪನ ಹೆಂಡ್ತಿ. ಇಷ್ಟು ದಿನ ಕೇಳ್ತಿದ್ದೋಳೂ ನಾನೇಯ. ಶುಂಠಿ ಎಲೆ ಹಳದಿ ಆಗ್ತೈತೆ, ಎಂತ ಮಾಡ್ಲಿ?”

ಯತೀಶರ ನಗು ನಿಂತಿತು. ನಾನು ಅವರೆದುರೇ ಮತ್ತೆ ಮೈಕ್ ಒತ್ತಿದೆ. “ಒಂದು ಬುಡ ಕಿತ್ತು ನೋಡಿ ವರದಮ್ಮ. ಗಡ್ಡೆ ಮೆತ್ತಗಾಗಿದ್ಯಾ, ಗಟ್ಟಿ ಇದ್ಯಾ? ಫೋಟೊ ಹಾಕಿ.” ಈ ಸಲ ದನಿ ನಡುಗಲಿಲ್ಲ.

“ಮೇಲಿನೋರನ್ನ ಕೇಳ್ಬೇಕಾಗ್ತದ,” ಎಂದರು ಯತೀಶ.

“ಕೇಳಿ ಸರ್. ಹೆಸರು ತಿದ್ದಿದ ಮೇಲೆ ಕಾಗದ ಕಳಿಸಿ.” ಆರ್ಡರನ್ನು ಅವರ ಕಡೆಗೇ ತಳ್ಳಿ ಡೈರಿ ಎತ್ತಿಕೊಂಡೆ.

ಬಸ್ಸಿನಲ್ಲಿ ಅಪ್ಪ ಬೇರೆ ಸೀಟಿನಲ್ಲಿ ಕೂತ. ಆನವಟ್ಟಿಯಲ್ಲಿ ಇಳಿದು ಮಂಡಕ್ಕಿ ಪೊಟ್ಟಣ ಕೊಂಡ. ನನಗೆ ಕೊಡಲಿಲ್ಲ, ಒಬ್ಬನೇ ನಿಂತು ತಿಂದ. ತಿನ್ನಲಿ. ನಾನು ಪಕ್ಕದ ಮೊಬೈಲ್ ಅಂಗಡಿಗೆ ಹೋಗಿ ಹೊಸ ಸಿಮ್ ಕೇಳಿದೆ.

“ಯಾರ ಹೆಸರಿಗಮ್ಮ, ಅಪ್ಪಂದಾ?”

“ನಂದು,” ಎಂದು ಆಧಾರ್ ಕಾರ್ಡ್ ಮುಂದಿಟ್ಟೆ. ಅಂಗಡಿಯವನು ನನ್ನ ಫೋಟೊ ತೆಗೆಯಲು ಫೋನ್ ಎತ್ತಿದಾಗ ತಲೆ ತಗ್ಗಿಸಲಿಲ್ಲ.